ಬಾಣಂತಿ ಮರಿಯಳಿಗೆ ಬೋಳ

ಹೋದ ಡಿಸೆಂಬರಿನಲ್ಲಿ ಪಕ್ಕದ ಮನೆಯವರ ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದಳು. ಒಂದು ಬೆಳಿಗ್ಗೆ ಅವರ ಅಡುಗೆಮನೆಯ ಕಿಟಕಿಯಿಂದ ಬಾಣಂತಿಗೆ ಕೊಡುವ ಬೋಳ ತೇಯುವ ವಾಸನೆ ಬಂತು. ಒಮ್ಮೆ ಮೂಗಿಗೆ ಹತ್ತಿದರೆ ಬಿಡುವ ವಾಸನೆಯಲ್ಲ ಅದು. ಕಹಿ, ಒಗರು, ಅದರೊಳಗೆ ಎಲ್ಲೋ ಒಂದಿಷ್ಟು ಸುವಾಸನೆ. ಕಾಫಿ ಲೋಟ ಹಿಡಿದು ಹಿತ್ತಲ ಬಾಗಿಲಿಗೆ ಬಂದವಳು ಅಲ್ಲೇ ನಿಂತುಬಿಟ್ಟೆ. ಅರವತ್ತು ವರ್ಷದ ಹಿಂದಿನ ಶಿಕಾರಿಪುರದ ಒಂದು ಕೋಣೆ ಕಣ್ಣ ಮುಂದೆ ಬಂತು. ಕಾಫಿ ಆರಿಹೋಯಿತು.

ಅದೇ ವಾರ ನಮ್ಮ ಚರ್ಚಿನ ಸಭೆಯಲ್ಲಿ ಹಾಡುವ ಗುಂಪಿನ ಪ್ರಿಯಾ ಎಂಬ ಹುಡುಗಿ ಮನೆಗೆ ಬಂದಳು. ನಾವು ಪ್ರತಿ ಕ್ರಿಸ್‌ಮಸ್‌ಗೂ ಹಾಡುವ ‘ಮೂಡಲ ದಾರೀಲಿ’ ಹಾಡಿನ ಬಗ್ಗೆ ಅವಳಿಗೊಂದು ಅನುಮಾನ.

“ಆಂಟಿ, ಸತ್ಯವೇದದಲ್ಲಿ ಜೋಯಿಸರು ಚಿನ್ನ, ಧೂಪ, ರಕ್ತಬೋಳ ಮೂರನ್ನೂ ಮರಿಯಳ ಕೂಸಿಗೇ ಕೊಟ್ರು ಅಂತಿದೆ. ನಮ್ಮ ಹಾಡಲ್ಲಿ ಮಾತ್ರ ಬೋಳ ತಾಯಿಗೆ. ಬರೆದವರು ತಪ್ಪು ಮಾಡಿದಾರಾ? ಯಾರು ಬರೆದಿದ್ದು ಅಂತ ಪುಸ್ತಕ ನೋಡಿದ್ರೆ ‘ಕರ್ತೃ ತಿಳಿಯದು’ ಅಂತ ಹಾಕಿದಾರೆ.”

ಕರ್ತೃ ಯಾರೆಂದು ನನಗೆ ತಿಳಿದಿದೆ. ಆ ಹಾಡು ಹುಟ್ಟುವಾಗ ನಾನು ಎರಡು ಮಾರು ದೂರದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದೆ. ಪ್ರಿಯಾಳಿಗೆ ಅವತ್ತು ಅರ್ಧ ಗಂಟೆಯಲ್ಲಿ ಹೇಳಿ ಕಳಿಸಿದೆ. ಹೇಳಿದ್ದು ಸಾಲದು ಅನ್ನಿಸಿ ಈಗ ಬರೆಯುತ್ತಿದ್ದೇನೆ.

ಅದು ಐವತ್ತೆಂಟನೇ ಇಸವಿ. ನನಗೆ ಇಪ್ಪತ್ತೆರಡು ವರ್ಷ. ಹರಿಹರದ ಕಡೆಯ ಬಯಲುಸೀಮೆಯವಳು ನಾನು. ಮಿಡ್‌ವೈಫ್ ತರಬೇತಿ ಮುಗಿದ ಕೂಡಲೇ ಸೊರಬ ತಾಲ್ಲೂಕಿನ ಜಡೆ ಎಂಬ ಊರಿಗೆ ಹಾಕಿದರು. ಮಳೆಗಾಲದ ಮೊದಲಲ್ಲಿ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿಯೊಂದಿಗೆ ಬಸ್ಸಿಳಿದೆ. ಹೆರಿಗೆ ಕೇಂದ್ರ ಎಂದರೆ ಎರಡು ಕೋಣೆ, ಒಂದು ಕಬ್ಬಿಣದ ಮಂಚ, ಒಂದು ಪಂಪ್ ಸ್ಟೋವು. ಮೊದಲ ಎರಡು ತಿಂಗಳು ಆ ಮಂಚದ ಮೇಲೆ ಒಬ್ಬ ಹೆಂಗಸೂ ಮಲಗಲಿಲ್ಲ. ನಾನೇ ಅದರ ಮೇಲೆ ಸೀರೆ ಒಣಗಿಸುತ್ತಿದ್ದೆ.

ಸುತ್ತಲಿನ ಹಳ್ಳಿಗಳಿಗೆಲ್ಲ ಹೆರಿಗೆ ಮಾಡಿಸುತ್ತಿದ್ದವಳು ಸೂಲಗಿತ್ತಿ ಹಾಲಮ್ಮ. ಲಿಂಗಾಯತ ರೈತ ಮನೆತನದ ವಿಧವೆ, ಅರವತ್ತರ ಹತ್ತಿರದ ವಯಸ್ಸು, ಗದ್ದೆಯ ಆಚೆ ಬದಿಗೂ ಕೇಳುವ ದನಿ. ಆಳು ಎತ್ತರ, ಕೈಗಳು ಮಾತ್ರ ಸಣ್ಣವು. ಸೂಲಗಿತ್ತಿಗೆ ಅದೇ ಆಸ್ತಿ ಎಂದು ನನಗೆ ಆಮೇಲೆ ಅರ್ಥವಾಯಿತು. ಯಾವ ಮನೆಗೆ ಹೋದರೂ ನನ್ನನ್ನು ಜಗಲಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಡುತ್ತಿದ್ದರು. ಒಳಗೆ ಹಾಲಮ್ಮ ಕೆಲಸ ಮಾಡುತ್ತಿದ್ದಳು. ನನಗೆ ಮೈಯೆಲ್ಲ ಉರಿ. ಕೊನೆಗೆ ಒಂದು ದಿನ ಅವಳೇ ಹೊರಗೆ ಬಂದು ಸಂಧಾನ ಮಾಡಿದಳು.

“ನೋಡು ನರ್ಸಮ್ಮ, ಹೊಕ್ಕುಳಬಳ್ಳಿ ನಿನ್ನ ಕುದಿಸಿದ ಕತ್ತರೀಲೇ ಕತ್ತರಿಸಾಣ. ಹಂಗೆ ಮಾಡಿದ ಕೂಸಿಗೆ ಧನುರ್ವಾಯು ಬರಲ್ಲ, ಅದು ನಾನೂ ಕಂಡೀನಿ. ಉಳಿದದ್ದಕ್ಕೆ ಬಾಯಿ ಹಾಕಬೇಡ.”

ನಾನು ಬಾಯಿ ಹಾಕುತ್ತಲೇ ಇದ್ದೆ. ಚಿಕ್ಕಂದಿನಿಂದ ನನ್ನದು ಕೆದಕುವ ಚಾಳಿ. ಇದೇಕೆ, ಅದೇಕೆ, ಯಾರು ಹೇಳಿದ್ದು ಎಂದು ಕೇಳದಿದ್ದರೆ ಉಂಡ ಅನ್ನ ಕರಗುತ್ತಿರಲಿಲ್ಲ. ಹಾಲಮ್ಮ ಬೈಯುತ್ತಲೇ ಎಲ್ಲಕ್ಕೂ ಉತ್ತರ ಕೊಡುತ್ತಿದ್ದಳು. ಕೈ ಕೆಲಸ ಮಾಡುವಾಗ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ. ನೋವು ತಿನ್ನುವ ಹೆಂಗಸಿನ ತವರೂರು, ಅಣ್ಣನ ಹೆಸರು, ಕೊಟ್ಟಿಗೆಯ ಎಮ್ಮೆಯ ಹೆಸರು ಎಲ್ಲ ಸೇರಿಸಿ ಅಲ್ಲೇ ಮೂರು ಮೂರು ಸಾಲಿನ ಹಾಡು ಕಟ್ಟುತ್ತಿದ್ದಳು. ಬಾಣಂತಿಗೆ ಎರೆಯುವಾಗಲೂ ಹಾಗೆಯೇ. ಒಂದು ಮನೆಯ ಹಾಡು ಇನ್ನೊಂದು ಮನೆಗೆ ಆಗುವುದಿಲ್ಲ. ಮರುದಿನ ಕೇಳಿದರೆ ಅವಳಿಗೇ ನೆನಪಿರುತ್ತಿರಲಿಲ್ಲ.

ತಿಂಗಳಿಗೊಂದು ಭಾನುವಾರ ನಾನು ಪ್ರಾರ್ಥನೆಗೆ ಶಿಕಾರಿಪುರಕ್ಕೆ ಹೋಗುತ್ತಿದ್ದೆ. ಜಡೆಯಿಂದ ಸೊರಬ, ಅಲ್ಲಿಂದ ಶಿರಾಳಕೊಪ್ಪದ ಮೇಲೆ ಶಿಕಾರಿಪುರ. ನಮ್ಮ ಕ್ರೈಸ್ತರ ಮನೆಗಳು ಆ ಊರಿನಲ್ಲಿ ಐದಾರು. ಚರ್ಚು ಇರಲಿಲ್ಲ. ಮಿಡ್ಲ್ ಸ್ಕೂಲಿನ ಸಾಮುವೇಲಪ್ಪ ಮಾಸ್ತರ ಬಾಡಿಗೆ ಮನೆಯ ನಡುಮನೆಯಲ್ಲೇ ಚಾಪೆ ಹಾಸಿ ಆರಾಧನೆ. ಹಾರ್ಮೋನಿಯಂ ಮಾಸ್ತರದು, ಹಾಡು ಅವರ ಹೆಂಡತಿ ಶಾಂತಕ್ಕನದು. ಶಾಂತಕ್ಕ ಹಾಡಲು ಶುರು ಮಾಡಿದರೆ ಎದುರು ಮನೆಯ ಗೌರಮ್ಮ ಕೂಡ ಮೊರ ಹಿಡಿದು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಶಾಂತಕ್ಕ ಮೊದಲ ಸಲ ಬಸುರಿಯಾಗಿದ್ದಳು. ಒಂಬತ್ತು ವರ್ಷ ಊರವರ ಬಾಯಿಗೆ ಬಿದ್ದವಳು ಅವಳು. ಆ ವರ್ಷ ಅವಳ ಮುಖ ನೋಡುವುದೇ ಒಂದು ಹಬ್ಬವಾಗಿತ್ತು.

“ಸಿಸ್ಟರ್, ದೀಪಾವಳಿ ಆದಮೇಲೆ ನೀವೇ ಬಂದು ಇರಬೇಕ್ರೀ. ಬೇರೆಯವರ ಕೈಗೆ ಕೊಡಲ್ಲ ನಾನು,” ಎಂದು ಮಾಸ್ತರರು ಎರಡು ಸಲ ಹೇಳಿದರು. ನನಗೆ ಹೆಮ್ಮೆ. ಅದರ ಹಿಂದೆಯೇ ಭಯ. ಮೂವತ್ತು ದಾಟಿದವಳ ಚೊಚ್ಚಲ ಹೆರಿಗೆ. ಹಾಲಮ್ಮನನ್ನು ಜೊತೆಗೆ ಕರೆದುಕೊಂಡು ಬರುವುದೆಂದು ಆಗಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ.

ಬೋಳದ ಸಂಗತಿ ಹೊರಬಿದ್ದದ್ದು ಜಡೆಯ ಪಕ್ಕದ ಒಂದು ಹಳ್ಳಿಯಲ್ಲಿ. ಹೆರಿಗೆ ಸಲೀಸಾಗಿ ಆಗಿತ್ತು. ಹಾಲಮ್ಮ ತನ್ನ ಸಂಚಿಯಿಂದ ಒಂದು ಉಂಡೆ ತೆಗೆದು ತನ್ನದೇ ಸಾಣೆಕಲ್ಲಿನ ಮೇಲೆ ತೇಯುತ್ತಿದ್ದಳು. ಕೆಂಪು, ಕಪ್ಪು ಸೇರಿದ ಬಣ್ಣ. ಗಟ್ಟಿಯಾದ ಅಂಟಿನ ಹಾಗಿತ್ತು.

“ಇದೇನಜ್ಜಿ?”

“ಎಂತ, ಬೋಳ ಗೊತ್ತಿಲ್ವಾ ನಿಂಗೆ? ನರ್ಸು ಓದಿಸೋರು ಬೋಳ ಹೇಳಿಕೊಡಲ್ವಾ?”

“ಯಾವ ಬೋಳ?”

“ರಕ್ತಬೋಳ. ಹೆತ್ತ ಹೊಟ್ಟೆ ಶುದ್ಧ ಆಗೋಕೆ. ಬೆಲ್ಲದ ಜೊತೆ ಒಂದು ಕಡಲೆಕಾಳಿನಷ್ಟು.”

ನಾನು ದಂಗಾದೆ. ಹುಟ್ಟಿದಾಗಿನಿಂದ ಪ್ರತಿ ಕ್ರಿಸ್‌ಮಸ್‌ಗೆ ‘ಚಿನ್ನ, ಧೂಪ, ರಕ್ತಬೋಳ’ ಎಂದು ಕೇಳಿದವಳು ನಾನು. ಚಿನ್ನ ಗೊತ್ತು, ಧೂಪ ಗೊತ್ತು. ರಕ್ತಬೋಳ ಎಂದರೇನು ಎಂದು ಕೇಳಿದಾಗಲೆಲ್ಲ ನಮ್ಮಪ್ಪ “ಯಾವುದೋ ರಾಜರ ಸುಗಂಧ” ಎಂದು ಬಾಯಿ ಮುಚ್ಚಿಸಿದ್ದರು. ಆ ರಾಜರ ಸುಗಂಧ ಇಲ್ಲಿ ಜಡೆಯ ಮುದುಕಿಯೊಬ್ಬಳ ಸಂಚಿಯಲ್ಲಿ, ಸುಣ್ಣದ ಡಬ್ಬಿಯ ಪಕ್ಕದಲ್ಲಿತ್ತು.

ಅಲ್ಲೇ ಕೂತು ಹಾಲಮ್ಮನಿಗೆ ಕಥೆ ಹೇಳಿದೆ. ಮರಿಯಳೆಂಬ ಹುಡುಗಿ ಪರವೂರಿಗೆ ಹೋದದ್ದು, ಛತ್ರದಲ್ಲಿ ಜಾಗ ಸಿಗದೆ ದನದ ಹಟ್ಟಿಯಲ್ಲಿ ಹೆತ್ತದ್ದು, ಮೇವಿನ ಗೋದಲಿಯಲ್ಲಿ ಕೂಸನ್ನು ಮಲಗಿಸಿದ್ದು. ಅವಳು ತೇಯುವುದನ್ನು ನಿಲ್ಲಿಸಿದಳು.

“ಹೆರಿಗೆ ಮಾಡಿಸಿದೋರು ಯಾರು?”

“ಅದು ಬರೆದಿಲ್ಲ.”

“ಬಿಸಿನೀರು ಕಾಯಿಸಿದೋರು?”

“ಅದೂ ಬರೆದಿಲ್ಲ.”

“ಬರೆದೋರು ಗಂಡಸ್ರೇ ಇರಬೇಕು,” ಎಂದಳು ಹಾಲಮ್ಮ. “ಮುಂದೆ ಹೇಳು.”

ಮೂಡಣ ದೇಶದಿಂದ ಜೋಯಿಸರು ಬಂದದ್ದು ಹೇಳಿದೆ. ಅದರಲ್ಲಿ ಅವಳಿಗೆ ಆಶ್ಚರ್ಯವೇನೂ ಕಾಣಲಿಲ್ಲ. ಕೂಸು ಹುಟ್ಟಿದ ಮನೆಗೆ ಜಾತಕ ಬರೆಯಲು ಜೋಯಿಸರು ಬರುವುದು ಇದ್ದದ್ದೇ. ಆದರೆ ಅವರು ಕಾಣಿಕೆ ತಂದರು ಎಂದಾಗ ನನ್ನನ್ನು ನಂಬದವಳಂತೆ ನೋಡಿದಳು.

“ಜೋಯಿಸರು ಇಸ್ಕಂಡು ಹೋಗೋದು ಕಂಡೀನಿ. ಕೊಟ್ಟು ಹೋದ್ರಾ?”

“ಚಿನ್ನ, ಧೂಪ, ಆಮೇಲೆ ಇದೇ, ರಕ್ತಬೋಳ.”

ಹಾಲಮ್ಮ ಕೈಯಲ್ಲಿದ್ದ ಉಂಡೆಯನ್ನು ನೋಡಿದಳು, ನನ್ನನ್ನು ನೋಡಿದಳು. “ಹಂಗಾದ್ರೆ ಬುದ್ಧಿವಂತರೇ. ಮನೇಲಿ ಯಾರೋ ಹೆಂಗಸ್ರು ಹೇಳಿ ಕಳಿಸಿರಬೇಕು, ಬಾಣಂತಿ ಮನೆಗೆ ಹೋಗ್ತೀರಿ, ಬೋಳ ತಗಂಡು ಹೋಗಿ ಅಂತ.”

ಮುಂದಿನ ಭಾನುವಾರ ಶಿಕಾರಿಪುರದ ಪೇಟೆಯಲ್ಲಿ ಗ್ರಂಧಿಗೆ ಅಂಗಡಿ ಹುಡುಕಿಕೊಂಡು ಹೋದೆ. ಬೇರು, ತೊಗಟೆ, ಹಿಪ್ಪಲಿ, ಬಜೆ ಮಾರುವ ಅಂಗಡಿ. ಬೋಳ ಎಲ್ಲಿಂದ ಬರುತ್ತದೆ ಎಂದು ಕೇಳಿದೆ.

“ಮುಂಬಯಿಯಿಂದ ಬರುತ್ರೀ ಅಕ್ಕಾರೆ. ಅಲ್ಲಿಗೆ ಹಡಗಲ್ಲಿ ಅರಬರ ದೇಶದಿಂದ ಬರುತ್ತಂತೆ. ಗಿಡಕ್ಕೆ ಕಚ್ಚು ಹಾಕಿದ್ರೆ ಒಸರೋ ಅಂಟು ಅದು.”

“ಯಾರು ಕೊಳ್ಳುತ್ತಾರೆ?”

“ಬಾಣಂತಿ ಮನೆಯೋರು. ಮತ್ಯಾರು ಕೊಳ್ತಾರ್ರೀ ಇಂಥ ಕಹಿ ವಸ್ತುನ?”

ಅರಬರ ದೇಶ ಎಂದರೆ ಸತ್ಯವೇದದ ನಾಡಿನ ನೆರೆಯೇ; ಅನುಮಾನ ಉಳಿಯಲಿಲ್ಲ. ಓಡಿಹೋಗಿ ಶಾಂತಕ್ಕನಿಗೆ ಹೇಳಿದೆ. ನಿನ್ನ ಬಾಣಂತನದಲ್ಲಿ ನೀನು ತಿನ್ನುವುದು ಜೋಯಿಸರು ತಂದ ಅದೇ ಬೋಳ ಎಂದೆ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವತ್ತು ಹಾಗೆ ಹೇಳದೆ ಇದ್ದಿದ್ದರೆ ಎಂದು ಆಮೇಲೆ ನಾನು ಎಷ್ಟು ಸಲ ಅಂದುಕೊಂಡೆನೋ.

ದೀಪಾವಳಿ ಕಳೆಯಿತು. ಅಂಜನಾಪುರದ ಕಾಲುವೆಯ ನೀರು ನಿಲ್ಲಿಸಿದ್ದರು. ಗದ್ದೆಗಳಲ್ಲಿ ಭತ್ತ ಹಣ್ಣಾಗಿ ಕೊಯ್ಲು ಹಿಡಿದಿತ್ತು. ನಾನು ರಜೆ ಹಾಕಿ ಶಿಕಾರಿಪುರಕ್ಕೆ ಹೊರಟೆ. ಹಾಲಮ್ಮನ ತಂಗಿಯ ಮನೆ ಅದೇ ಊರಿನಲ್ಲಿತ್ತು, ಹಾಗಾಗಿ ಅವಳನ್ನು ಹೊರಡಿಸುವುದು ಕಷ್ಟವಾಗಲಿಲ್ಲ. ಊಟ, ನಿದ್ದೆ ತಂಗಿಯ ಮನೆಯಲ್ಲಿ. ಕೊರಳಲ್ಲಿ ಲಿಂಗವಿದ್ದ ಅವಳು ಮಾಸ್ತರ ಮನೆಯಲ್ಲಿ ನೀರೂ ಮುಟ್ಟುತ್ತಿರಲಿಲ್ಲ. ಆದರೆ ಬೆಳಗಾದರೆ ಸಂಚಿ, ಸಾಣೆಕಲ್ಲು ಹಿಡಿದು ಹಾಜರಾಗುತ್ತಿದ್ದಳು.

ಹೆಣ್ಣು ಕೂಸು ಹುಟ್ಟಿತು. ನೋವು ಒಂದೂವರೆ ದಿನ ಹಿಡಿದಿತ್ತು. ಕೂಸು ಸಣ್ಣಗೆ ಅತ್ತಿತು, ಮೈ ನೀಲಿಗಟ್ಟಿತ್ತು. ನಾವಿಬ್ಬರೂ ಗೊತ್ತಿದ್ದದ್ದೆಲ್ಲ ಮಾಡಿದೆವು. ಡಾಕ್ಟರೂ ಬಂದು ನೋಡಿದರು. ಮೂರನೇ ದಿನ ಬೆಳಿಗ್ಗೆ ಅದು ಹಾಲು ಕುಡಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು. ನನಗೆ ನನ್ನ ಕೈಗಳ ಮೇಲೆಯೇ ಸಿಟ್ಟು ಬಂತು. ಹಾಲಮ್ಮ ಕೂಸಿಗೆ ಕೊನೆಯ ಸಲ ನೀರೆರೆದು ಬಿಳಿ ಬಟ್ಟೆಯಲ್ಲಿ ಸುತ್ತಿ ಮಾಸ್ತರ ಕೈಗೆ ಕೊಟ್ಟಳು. ಆ ಒಂದು ಸಲ ಮಾತ್ರ ಅವಳ ಬಾಯಲ್ಲಿ ಹಾಡು ಇರಲಿಲ್ಲ.

ಆಮೇಲೆ ಆ ಮನೆಗೆ ಯಾರೂ ಬರಲಿಲ್ಲ. ಕೆಟ್ಟವರಾಗಿ ಅಲ್ಲ. ಕೂಸಿಲ್ಲದ ಮನೆಗೆ ಏನೆಂದು ಹೋಗುವುದು, ಏನು ಹಿಡಿದುಕೊಂಡು ಹೋಗುವುದು ಎಂದು ಯಾರಿಗೂ ತಿಳಿಯಲಿಲ್ಲ. ಕೊಬ್ಬರಿ ಬೆಲ್ಲ ಕುಟ್ಟಿ ಇಟ್ಟಿದ್ದ ಗೌರಮ್ಮ ಅದನ್ನು ತನ್ನ ಮನೆಯಲ್ಲೇ ಉಳಿಸಿಕೊಂಡಳು. ಶಾಂತಕ್ಕನನ್ನು ಬಾಣಂತಿ ಎಂದು ಕರೆಯುವವರೂ ಇರಲಿಲ್ಲ. “ಪಾಪ, ಮಾಸ್ತರ ಹೆಂಡತಿ” ಎನ್ನುತ್ತಿದ್ದರು, ಅಷ್ಟೇ.

ಕೂಸು ಹೋದ ಮೇಲೂ ಶಾಂತಕ್ಕ ಎರಡು ದಿನ ಹಾಲಮ್ಮ ಕೊಟ್ಟ ಬೋಳವನ್ನು ಸುಮ್ಮನೆ ನುಂಗಿದಳು. ಮೂರನೇ ದಿನ ಪಾದ್ರಿಗಳು ಬಂದರು. ಎರಡು ತಿಂಗಳಿಗೊಮ್ಮೆ ಶಿವಮೊಗ್ಗದಿಂದ ಬರುವ ಹಿರಿಯರು ಅವರು, ಒಳ್ಳೆಯ ಮನುಷ್ಯರು. ಸುದ್ದಿ ಕೇಳಿ ಬಸ್ಸು ಹಿಡಿದು ಓಡಿಬಂದಿದ್ದರು. ಕೋಣೆಯ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಪ್ರಾರ್ಥನೆ ಮಾಡಿ, ಸಮಾಧಾನ ಹೇಳಿದರು.

“ನಮ್ಮ ಸ್ವಾಮಿ ಹುಟ್ಟಿದಾಗಲೂ ರಕ್ತಬೋಳ ತಂದರಮ್ಮ. ಅದು ಶವಕ್ಕೆ ಲೇಪಿಸುವ ವಸ್ತು. ತೊಟ್ಟಿಲಲ್ಲೇ ಮರಣದ ಗುರುತು ಇತ್ತು ನೋಡು. ಹುಟ್ಟು ಸಾವು ಎರಡೂ ಆತನ ಕೈಯಲ್ಲಿವೆ.”

ಅವರು ಓದಿದ್ದನ್ನೇ ಹೇಳಿದರು. ಅಷ್ಟು ಹೊತ್ತಿಗೆ ಹಾಲಮ್ಮ ತೇಯ್ದ ಬೋಳದ ಬಟ್ಟಲು ಶಾಂತಕ್ಕನ ತಲೆಯ ಹತ್ತಿರವೇ ಇತ್ತು. ಅವಳು ಬಟ್ಟಲನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅದೇ ಇದು ಎಂದು ಅವಳಿಗೆ ಹೇಳಿದವಳು ನಾನೇ.

ಅವತ್ತಿನಿಂದ ಬೋಳ ಮುಟ್ಟಲಿಲ್ಲ. ಬೋಳದ ಜೊತೆಗೆ ಅನ್ನವನ್ನೂ ಬಿಟ್ಟಳು, ಎರೆಸಿಕೊಳ್ಳುವುದನ್ನೂ ಬಿಟ್ಟಳು, ನಂಜು ಏರದಿರಲಿ ಎಂದು ನಾನು ಕೊಟ್ಟ ಸಲ್ಫಾ ಮಾತ್ರೆಯನ್ನು ಹಾಸಿಗೆಯ ಕೆಳಗೆ ತುರುಕಿದಳು. ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ತಿರುಗಲಿಲ್ಲ. ಎದೆಯಲ್ಲಿ ಹಾಲು ಕಟ್ಟಿ ಗಟ್ಟಿಯಾಯಿತು. ಜ್ವರ ಏರಿತು. ಹೆತ್ತವಳಿಗೆ ಆ ಜ್ವರ ಬಂದರೆ ಏನಾಗುತ್ತದೆ ಎಂದು ನಾನು ಆಸ್ಪತ್ರೆಯಲ್ಲಿ ಕಣ್ಣಾರೆ ಕಂಡಿದ್ದೆ. ಇನ್ನು ನಾಲ್ಕು ದಿನ ಹೀಗೆಯೇ ಬಿಟ್ಟರೆ ಮಾಸ್ತರರು ಇನ್ನೊಂದು ಗುಂಡಿ ತೋಡಿಸಬೇಕಾಗುತ್ತಿತ್ತು. ಡಾಕ್ಟರು ಸೂಜಿ ಹಾಕಲು ಬಂದರೆ ಕೈ ಕೊಡಲಿಲ್ಲ. ಮಾಸ್ತರರು ಕಾಲು ಹಿಡಿಯುವುದೊಂದು ಬಾಕಿ.

ನಾನು ಹಿತ್ತಲಿಗೆ ಹೋಗಿ ಅತ್ತೆ. ಹಾಲಮ್ಮನಿಗೆ ಎಲ್ಲವನ್ನೂ ಹೇಳಿದೆ. ಬೋಳದ ವಿಷಯ ಶಾಂತಕ್ಕನಿಗೆ ತಿಳಿಸಿದ್ದು ನಾನೇ, ಪಾದ್ರಿಗಳು ಅದನ್ನು ಹೆಣಕ್ಕೆ ಹಚ್ಚುವ ವಸ್ತು ಎಂದದ್ದು, ಈಗ ಅವಳು ಆ ವಾಸನೆಗೇ ಮುಖ ತಿರುಗಿಸುತ್ತಿರುವುದು. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಬೈಯಲಿಲ್ಲ. ಕೇಳತೊಡಗಿದಳು.

“ಆ ಜೋಯಿಸರ ಕಥೆ ಇನ್ನೊಂದು ಸಲ ಹೇಳು. ಚಿನ್ನ ಯಾರಿಗೆ?”

“ಕೂಸಿಗೆ.”

“ಸರಿ, ಕೈಗೆ ಕಡಗ. ಧೂಪ?”

“ಅದೂ ಕೂಸಿಗೆ.”

“ಸರಿ, ಎರೆದ ಮೇಲೆ ತಲೆಗೆ ಹೊಗೆ. ಬೋಳ?”

“ಮೂರೂ ಕೂಸಿಗೆ ಅಂತಲೇ ಬರೆದಿರೋದು ಅಜ್ಜಿ.”

“ಕೂಸಿಗೆ ಯಾರಾದ್ರೂ ಬೋಳ ಕೊಡ್ತಾರಾ? ನಾನು ಇನ್ನೂರು ಮುನ್ನೂರು ಕೂಸು ಹಿಡಿದೀನಿ. ಒಂದಕ್ಕಾದ್ರೂ ಕೊಟ್ಟಿದ್ದು ನೀ ಕಂಡೀಯಾ?”

“ಇಲ್ಲ.”

“ಹೆಣಕ್ಕೆ ಹಚ್ತಾರೋ ಇಲ್ವೋ, ಅದು ನಿಮ್ಮ ಅಯ್ನೋರಿಗೆ ಗೊತ್ತು. ನಾನು ಹೆಣ ತೊಳೆಯೋಳಲ್ಲ. ಆದ್ರೆ ಅವತ್ತು ಆ ಹಟ್ಟೀಲಿ ಹೆಣ ಇತ್ತಾ?”

“ಇಲ್ಲ.”

“ಹೆತ್ತೋಳು ಇದ್ಲಾ?”

“ಇದ್ದಳು.”

“ಮತ್ತೆ?” ಎಂದು ಹಾಲಮ್ಮ ಎದ್ದು ಸೆರಗು ಸಿಕ್ಕಿಸಿದಳು.

ಆಗ ಹೊತ್ತು ಹನ್ನೊಂದಾಗಿತ್ತು. ಬಿಸಿಲು ಕೋಣೆಯ ಅರ್ಧಕ್ಕೆ ಬಂದಿತ್ತು. ಹಾಲಮ್ಮ ಸಾಣೆಕಲ್ಲನ್ನು ಶಾಂತಕ್ಕನ ಬೆನ್ನ ಹಿಂದೆಯೇ ಇಟ್ಟುಕೊಂಡು ಬೋಳ ತೇಯಲು ಕೂತಳು. ನಾನು ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕೂತೆ. ವಾಸನೆ ಬಂದೊಡನೆ ಶಾಂತಕ್ಕ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಹಾಲಮ್ಮ ನಿಲ್ಲಿಸಲಿಲ್ಲ. ಕಲ್ಲಿನ ಸರಬರ ಸದ್ದಿಗೆ ತಕ್ಕ ಹಾಗೆ ಬಾಣಂತಿಗೆ ಎರೆಯುವ ಧಾಟಿಯಲ್ಲಿ ಶುರುಮಾಡಿದಳು.

ಮೂಡಲ ದಾರೀಲಿ ಮೂವರು ಜೋಯಿಸರು
ಬರಿಗೈಲಿ ಬರಲಿಲ್ಲ ಬಾಣಂತಿ ಮನೆಯೊಳಗೆ
ಮೂರು ಗಂಟಿಳಿಸಿ ಕುಳಿತಾರ

ಹೊನ್ನು ಕೂಸಿನ ಕೈಗೆ, ಹೊಗೆಯು ಕೂಸಿನ ತಲೆಗೆ
ಬೋಳವದು ಯಾರೀಗೆ ಹೇಳಿರೆ ಅಕ್ಕಯ್ಯ
ಹೆತ್ತ ಮರಿಯವ್ವನ ಒಡಲೀಗೆ

ಅಷ್ಟು ಹಾಡಿ ಅವಳು ಸುಮ್ಮನಾದಳು. ಮುಂದಿನದು ಇನ್ನೂ ಬಾಯಿಗೆ ಬಂದಿರಲಿಲ್ಲವೋ ಏನೋ. ಬೆಲ್ಲ ಜಜ್ಜಿದಳು. ಬೋಳಕ್ಕೆ ಕಲಸಿದಳು. ಆಮೇಲೆ ಮೆಲ್ಲಗೆ, ಹಾಡಿಗಿಂತ ಮಾತಿನ ಹಾಗೆ, ಇನ್ನೊಂದು ನುಡಿ ಬಂತು.

ಊರೆಲ್ಲ ಬಂದಾರು ಕೂಸೀನ ನೋಡೋಕೆ
ನಿನ ಮಾರಿ ನೋಡೋರು ಯಾರವ್ವ ಮರಿಯವ್ವ
ಬೋಳ ತಂದಾತ ನೋಡ್ಯಾನ

ಗೋ‍ಡೆಯ ಕಡೆಯಿಂದ ಎಷ್ಟೋ ದಿನದ ಮೇಲೆ ಶಾಂತಕ್ಕನ ದನಿ ಬಂತು. ಒಡೆದ ದನಿ.

“ಕೂಸೇ ಇಲ್ಲವಲ್ಲಜ್ಜಿ.”

“ಇಲ್ಲ ಮಗಾ. ಹೊನ್ನೂ ಹೊಗೇನೂ ಅದರ ಜೊತೆಗೇ ಹೋಯ್ತು. ಬೋಳ ಅದರದ್ದಲ್ಲ, ನಿನ್ನದು. ಒಂಬತ್ತು ತಿಂಗಳು ಹೊತ್ತಿದ್ದು ಸುಳ್ಳಾ? ಒಂದೂವರೆ ದಿನ ನೋವು ತಿಂದಿದ್ದು ಸುಳ್ಳಾ? ನನ್ನ ಕೈ ಮೇಲೆ ನೀನು ಒತ್ತಿದ ಉಗುರಿನ ಗಾಯ ಇನ್ನೂ ಆರಿಲ್ಲ, ನೋಡು ಬೇಕಾದ್ರೆ.”

“ನಾನು ಬಾಣಂತಿನಾ?”

“ಮತ್ತೆ ಎಂತ ನೀನು?”

ಶಾಂತಕ್ಕ ತಿರುಗಿದಳು. ಹಾಲಮ್ಮನ ಮುಂಗೈ ಹಿಡಿದು ಆ ಉಗುರಿನ ಗುರುತುಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬಟ್ಟಲಿಗೆ ತಾನೇ ಕೈ ಚಾಚಿದಳು. ಕಹಿಗೆ ಮುಖ ಕಿವುಚಿಕೊಂಡು ಅಳತೊಡಗಿದಳು. ಕೂಸು ಹೋದಾಗಲೂ ಅತ್ತಿರದ ಹೆಂಗಸು ಅವಳು. ಹಾಲಮ್ಮ ಅವಳನ್ನು ಅಳಲು ಬಿಟ್ಟು, ನನ್ನ ಕಡೆ ತಿರುಗಿ “ಎಂತ ನೋಡ್ತೀಯ, ಈಗ ಕೊಡು ನಿನ್ನ ಗುಳಿಗೇನ” ಎಂದು ಗದರಿದಳು.

ಜ್ವರ ಇಳಿಸಿದ್ದು ನನ್ನ ಮಾತ್ರೆಯೋ, ಅವಳ ಬೋಳವೋ ಎಂದು ನಾವಿಬ್ಬರೂ ಆಮೇಲೆ ಎಷ್ಟೋ ಸಲ ಜಗಳವಾಡಿದ್ದೇವೆ. ನನ್ನ ಮಾತ್ರೆಯೇ ಎಂದು ಈಗಲೂ ನನ್ನ ಅಭಿಪ್ರಾಯ. ಆದರೆ ಆ ಮಾತ್ರೆ ಗಂಟಲಿಳಿದದ್ದು ಬೋಳದ ಹಿಂದೆಯೇ. ಹಾಲಮ್ಮ ದಿನವೂ ಬಂದು ಎರೆದಳು; ಎರೆಯುವಾಗ ಶಾಂತಕ್ಕ ಅದೇ ಹಾಡು ಕೇಳಿದಳು. “ಯಾವ ಹಾಡು? ನಂಗೆ ನೆನಪಿಲ್ಲ” ಎಂದಳು ಹಾಲಮ್ಮ. ಸುಳ್ಳಲ್ಲ, ಅವಳಿಗೆ ನಿಜವಾಗಿಯೂ ಮರೆತಿತ್ತು. ನೆನಪಿದ್ದದ್ದು ಶಾಂತಕ್ಕನಿಗೆ. ಮಾಸ್ತರರು ಅದನ್ನು ಕೇಳಿ ಒಂದು ಹಾಳೆಯಲ್ಲಿ ಬರೆದುಕೊಂಡರು. ಕೆಳಗೆ ಹೆಸರು ಹಾಕುತ್ತೇನೆ ಎಂದಾಗ ಹಾಲಮ್ಮ ಕೈ ಒದರಿದಳು. ಬಾಯಿಗೆ ಬಂದದ್ದಕ್ಕೆಲ್ಲ ಹೆಸರು ಹಾಕುತ್ತಾ ಕೂತರೆ ಹೆರಿಗೆ ಮಾಡಿಸುವವರು ಯಾರು ಎಂಬುದು ಅವಳ ಪ್ರಶ್ನೆ.

ಕ್ರಿಸ್‌ಮಸ್ ದಿನ ಬೆಳಿಗ್ಗೆ ಮಾಸ್ತರ ನಡುಮನೆಯಲ್ಲಿ ಆರಾಧನೆ ಇತ್ತು. ಹೊರಗೆ ಇಬ್ಬನಿ ಇನ್ನೂ ಕರಗಿರಲಿಲ್ಲ. ದೂರದ ಕಣದಲ್ಲಿ ಭತ್ತ ತೂರುವವರ ಮಾತು ಕೇಳುತ್ತಿತ್ತು. ಇಪ್ಪತ್ತು ಇಪ್ಪತ್ತೈದು ಜನ ಚಾಪೆಯ ಮೇಲೆ ಕೂತಿದ್ದರು. ಶಾಂತಕ್ಕ ಹೊರಗೆ ಬರುವಂತಿರಲಿಲ್ಲ. ತಿಂಗಳು ತುಂಬುವವರೆಗೆ ಹೊಸಿಲು ದಾಟಕೂಡದು ಎಂದು ಹಾಲಮ್ಮನ ಆಜ್ಞೆ. ಕೋಣೆಯ ಬಾಗಿಲು ಓರೆ ಮಾಡಿ, ಕಿವಿಗೆ ಬಟ್ಟೆ ಕಟ್ಟಿಕೊಂಡು ಒಳಗೆ ಕೂತಿದ್ದಳು. ಹಾಲಮ್ಮ ಹಿತ್ತಲ ಮೆಟ್ಟಿಲ ಮೇಲಿದ್ದಳು. ನಾನು ಎರಡೂ ಕಡೆ ಕಾಣುವ ಹಾಗೆ ನಡುವೆ ನಿಂತಿದ್ದೆ.

ಪಾದ್ರಿಗಳು ಸತ್ಯವೇದದಿಂದ ಜೋಯಿಸರ ಕಥೆಯ ವಚನ ಓದಿ ಮುಗಿಸಿದರು. ಹಾಡಿಗೆ ಮಾಸ್ತರರು ಹಾರ್ಮೋನಿಯಂ ಎಳೆದುಕೊಂಡರು. ಅವರ ಬೆರಳು ಊರುವ ಮೊದಲೇ ಒಳಗಿನಿಂದ ‘ಮೂಡಲ ದಾರೀಲಿ’ ಬಂತು. ಮಾಸ್ತರರ ಕೈ ಅಲ್ಲೇ ನಿಂತಿತು. ಹಾರ್ಮೋನಿಯಂ ಇಲ್ಲದೆ, ಬರೀ ದನಿಯಲ್ಲಿ, ಮೂರೂ ನುಡಿಯನ್ನು ಅವಳು ನಿಧಾನವಾಗಿ ಹಾಡಿದಳು. ಬಾಗಿಲಲ್ಲಿ ನಿಂತಿದ್ದ ಗೌರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಪಾದ್ರಿಗಳು ಗದರುವ ಸ್ವಭಾವದವರಲ್ಲ. ಆದರೆ ವಚನದ ವಿಷಯದಲ್ಲಿ ಕಟ್ಟುನಿಟ್ಟು.

“ಚೆನ್ನಾಗಿದೆಯಮ್ಮ. ಆದರೆ ಬೋಳ ಮರಣದ ಗುರುತು. ಅದನ್ನು ತಾಯಿಗೆ ತಂದರು ಅಂತ ಹೇಳೋದಕ್ಕೆ ಆಧಾರ ಇಲ್ಲವಲ್ಲ.”

ಅದೇ ಮಾತಿಗೆ ಒಮ್ಮೆ ಗೋಡೆಯ ಕಡೆ ತಿರುಗಿದ್ದವಳು ಅವಳು. ಮತ್ತೆ ತಿರುಗಿದರೆ ಈ ಸಲ ಕರೆಯಲು ನಮ್ಮಲ್ಲಿ ಏನೂ ಉಳಿದಿರಲಿಲ್ಲ.

ಒಳಗಿನಿಂದ ಉತ್ತರ ಬಂತು. ಗಟ್ಟಿಯೂ ಇಲ್ಲ, ಮೆತ್ತಗೂ ಇಲ್ಲ.

“ನಾನು ಅದನ್ನ ದಿನಾ ತಿಂತಾ ಇದೀನ್ರೀ ಅಯ್ಯನವರೆ. ಬದುಕಿದೀನಿ.”

ಪಾದ್ರಿಗಳು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಉಪದೇಶಕ್ಕೆಂದು ಬರೆದು ತಂದಿದ್ದ ಹಾಳೆಗಳನ್ನು ಮಡಚಿ ಸತ್ಯವೇದದೊಳಗೆ ಇಟ್ಟರು. ಆಮೇಲೆ ಓರೆ ಬಾಗಿಲ ಕಡೆ ತಿರುಗಿ, ಕೈ ಮುಗಿದ ಹಾಗೆ ಮಾಡಿ, “ಇನ್ನೊಂದು ಸಲ ಹಾಡಮ್ಮ. ನಾವೂ ಕಲೀತೇವೆ,” ಎಂದರು.

ನಾನು ಹಿತ್ತಲಿಗೆ ಓಡಿದೆ. ಹಾಲಮ್ಮ ಬಿಸಿಲಿಗೆ ಬೆನ್ನು ಕೊಟ್ಟು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು.

“ಎಂತ ಅಂದ್ರು ನಿಮ್ಮ ಅಯ್ನೋರು?”

“ಇನ್ನೊಂದು ಸಲ ಹಾಡು ಅಂದ್ರು ಅಜ್ಜಿ. ಎಲ್ಲರೂ ಕಲೀತಾರಂತೆ.”

ಅವಳು ಎಲೆಗೆ ಸುಣ್ಣ ಸವರುವುದನ್ನು ಮುಗಿಸಿ, ಮಡಚಿ, ದವಡೆಗಿಟ್ಟುಕೊಂಡಳು.

“ಒಂದು ಸಲ ಅಂದ್ರೆ ಒಂದೇ ಸಲ, ಹೇಳು ಅವರಿಗೆ. ಹಸೀ ಬಾಣಂತಿ ಅವಳು. ಗಂಟಲಿಗೆ ಶೀತ ಹಿಡಿದ್ರೆ ನಾನು ಸುಮ್ಮನಿರೋಳಲ್ಲ.”